ತುಕ್ಕು ಹಿಡಿಯುವ ಕಬ್ಬಿಣವೂ ವೇಗವರ್ಧಕವೇ?

ಪ್ರಶ್ನೆ: ಕಬ್ಬಿಣ ತಾನೇ ತುಕ್ಕು ಹಿಡಿದು ಹಾಳಾಗುತ್ತದೆ. ಅಂಥದ್ದು ಬೇರೆ ವಸ್ತುಗಳಿಗೆ ಆಮ್ಲಜನಕ ಸೇರಿಸುವ ವೇಗವರ್ಧಕ ಆಗುವುದು ಹೇಗೆ ಸರ್?
– ಬಿಎಸ್ಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಬೆಳಿಗ್ಗೆ ಕಾಫಿ ಕುಡಿದಿರಾ? ಅದರ ಕೆಫೀನನ್ನು ನಿಮ್ಮ ಲಿವರ್‌ನಲ್ಲಿರುವ ಪಿ450 ಎಂಬ ಕಿಣ್ವ ಒಡೆಯುತ್ತದೆ. ಕಿಣ್ವವೆಂದರೆ ದೇಹದ ವೇಗವರ್ಧಕ, ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಆ ಕಿಣ್ವದ ನಡುವೆ ಕೂತಿರುವುದು ಒಂದೇ ಒಂದು ಕಬ್ಬಿಣದ ಪರಮಾಣು. ಉಸಿರಿನಿಂದ ಬಂದ ಆಮ್ಲಜನಕವನ್ನು ಅದು ಕೆಫೀನಿನ ಇಂಗಾಲಕ್ಕೆ ದಾಟಿಸುತ್ತದೆ. ಸುತ್ತ ನಾಲ್ಕು ಸಾರಜನಕಗಳು ಹಿಡಿದಿರುವುದರಿಂದ ತುಕ್ಕಾಗುವುದಿಲ್ಲ.

ಯಾರೂ ಹಿಡಿಯದಿದ್ದರೆ? 1894ರಲ್ಲೇ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಫೆಂಟನ್ ಕಬ್ಬಿಣದ ಲವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದರು. ಆ ಮಿಶ್ರಣದಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತಿ ಚುರುಕಿನ ಕಣ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಕೊಳಕು ನೀರು ಶುದ್ಧ ಮಾಡಲು ಸರಿ, ಔಷಧ ತಯಾರಿಸಲು ಆಗದು.

ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಲಾರೆನ್ಸ್ ಕ್ಯೂ ಕಬ್ಬಿಣವನ್ನು ಕಿಣ್ವದಂತೆ ಹಿಡಿದಿಡುವ ದಾರಿಯ ಹಿಂದೆ ದಶಕಗಳ ಕಾಲ ಬಿದ್ದರು. ನುಸಿಗುಳಿಗೆಯ ನ್ಯಾಫ್ತಲೀನನ್ನು ತಿಂದು ಬದುಕುವ ಮಣ್ಣಿನ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿರುವಂಥ ಕಿಣ್ವಗಳು ಕಬ್ಬಿಣವನ್ನು ಹಿಡಿಯುವ ರೀತಿ ನೋಡಿ, ಸಾರಜನಕದ ಕೈಗಳಿರುವ ಪುಟ್ಟ ಅಣುಗಳನ್ನು ಅವರ ತಂಡ ಕಟ್ಟಿತು. ಕಬ್ಬಿಣ ಒಂದು ಆಮ್ಲಜನಕವನ್ನು ಹೊತ್ತು ನಿಂತ ಸ್ಥಿತಿ ಕ್ಷಣಿಕ. 2003ರಲ್ಲಿ ಅವರೂ ಜೊತೆಗಾರರೂ ಅದನ್ನೇ ಹರಳಾಗಿಸಿ, ಅದರ ರಚನೆ ತೋರಿಸಿದರು. ಆ ಚಿತ್ರ ನೋಡಿದ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದು ಹೇಳಲಾರೆ.

2007ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ವೈಟ್ ತಂಡ ಇನ್ನೂ ಮುಂದೆ ಹೋಯಿತು. ಮಲೇರಿಯಾ ಔಷಧ ಆರ್ಟೆಮಿಸಿನಿನ್‌ನಲ್ಲಿ ಇಂಗಾಲ–ಹೈಡ್ರೋಜನ್ ಬಂಧಗಳು ಬೇಕಾದಷ್ಟಿವೆ. ಅವರ ಕಬ್ಬಿಣದ ವೇಗವರ್ಧಕ ಅವುಗಳಲ್ಲಿ ಮುಖ್ಯವಾಗಿ ಒಂದನ್ನೇ ಆರಿಸಿಕೊಂಡು ಆಮ್ಲಜನಕ ಕೂರಿಸಿತು. ಆಮ್ಲಜನಕಕ್ಕಾಗಿ ಬಳಸಿದ್ದು ಹೈಡ್ರೋಜನ್ ಪೆರಾಕ್ಸೈಡನ್ನೇ. ಅದರಿಂದ ಉಳಿಯುವುದು ಬರೀ ನೀರು.

ನೀರು ಅಂದದ್ದು ಸುಮ್ನೆ ಅಲ್ಲ. ನಾನು ಎಂಎಸ್ಸಿ ಓದುವಾಗ ಆಕ್ಸಿಡೀಕರಣಕ್ಕೆ, ಅಂದರೆ ಹೀಗೆ ಆಮ್ಲಜನಕ ಸೇರಿಸಲು, ಇದ್ದದ್ದು ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ಕ್ರೋಮಿಯಂ ಲವಣ. ಕಿತ್ತಳೆ ಬಣ್ಣ ಹಸಿರಾದರೆ ಕ್ರಿಯೆ ಮುಗಿಯಿತು ಎಂದರ್ಥ. ಉಳಿದದ್ದನ್ನು ಸಿಂಕಿಗೆ ಸುರಿಯುತ್ತಿದ್ದೆವು. ಆ ಕಿತ್ತಳೆ ಬಣ್ಣದ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ ಎಂದು ನಮಗೆ ಯಾರೂ ಹೇಳಲಿಲ್ಲ. ಆ ನೀರು ಎಲ್ಲಿಗೆ ಹೋಯಿತೋ ಎಂಬ ಕೊರಗು ಈಗಲೂ ಇದೆ.

ಆದರೆ ಕಿಣ್ವದ ಆಯುಷ್ಯ ಈ ಕಬ್ಬಿಣದ ವೇಗವರ್ಧಕಗಳಿಗೆ ಇನ್ನೂ ಬಂದಿಲ್ಲ. ವೈಟ್ ಅವರ ವಿಧಾನದಲ್ಲಿ ಆಮ್ಲಜನಕ ಸೇರಿಸಬೇಕಾದ 100 ಅಣುಗಳಿಗೆ 15 ವೇಗವರ್ಧಕದ ಅಣು ಬೇಕಾಗುತ್ತಿತ್ತು, ಮೂರು ಕಂತಿನಲ್ಲಿ. ಇದು ಜಾಸ್ತಿಯೇ. ಇಂಥ ವೇಗವರ್ಧಕಗಳಲ್ಲಿ ಕಬ್ಬಿಣ ಕೆಲವು ಸುತ್ತಿನ ನಂತರ ತನ್ನನ್ನು ಹಿಡಿದ ಕೈಗಳನ್ನೇ ಆಕ್ಸಿಡೀಕರಿಸಿಬಿಡುತ್ತದೆ. ಕೈ ಬಿಟ್ಟ ಮೇಲೆ, ನೀವು ಹೇಳಿದ ಹಾಗೆ, ಅದು ತುಕ್ಕಿನ ದಾರಿ ಹಿಡಿಯುತ್ತದೆ.