ಎಚ್‌ಪಿವಿ ಲಸಿಕೆ: ಈಗ್ಲೇ ಹಾಕ್ಸೋದಾ, ಮದ್ವೆ ಹೊತ್ತಿಗೆ ನೋಡೋದಾ?

ಪ್ರಶ್ನೆ: ಮೇಡಂ, ನನ್ ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಮಕ್ಕಳ ಡಾಕ್ಟ್ರು ಎಚ್‌ಪಿವಿ ವ್ಯಾಕ್ಸಿನ್ ಹಾಕ್ಸಿ ಅಂತಿದಾರೆ. ನಮ್ಮನೆಯವ್ರು ಇಷ್ಟ್ ಚಿಕ್ಕ ಹುಡ್ಗಿಗೆ ಯಾಕೆ, ಮದ್ವೆ ಟೈಮಲ್ಲಿ ನೋಡಿದ್ರಾಯ್ತು ಅಂತಾರೆ. ನಮ್ಮತ್ತೆಗೆ ಯಾರೋ ವಾಟ್ಸಾಪಲ್ಲಿ ಕಳ್ಸಿದಾರೆ, ಆಂಧ್ರದಲ್ಲಿ ಇದೇ ಇಂಜೆಕ್ಷನ್ ತಗೊಂಡು ಹುಡ್ಗೀರು ಸತ್ತೋದ್ರು, ತಗೊಂಡ್ರೆ ಮುಂದೆ ಮಕ್ಕಳಾಗಲ್ಲ ಅಂತ. ನಂಗೆ ಹಾಕ್ಸೋಣ ಅಂತಾನೇ ಇದೆ, ಧೈರ್ಯ ಬರ್ತಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಹಾಕ್ಸಿಬಿಡಿ. ಯಾಕೆ ಅಂತ ಮೊದ್ಲು ನಿಮ್ಮ ಯಜಮಾನ್ರಿಗೆ ಹೇಳ್ತೀನಿ, ಅತ್ತೆ ಮಾತಿಗೆ ಆಮೇಲೆ ಬರೋಣ.

ಗರ್ಭಕಂಠದ, ಅಂದ್ರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಹೆಚ್ಚೂಕಮ್ಮಿ ಎಲ್ಲಾ ಕೇಸಲ್ಲೂ ಕಾರಣ ಈ ಎಚ್‌ಪಿವಿ ವೈರಸ್ಸೇ, ಇದು ಹರಡೋದು ಲೈಂಗಿಕ ಸಂಪರ್ಕದಿಂದ, ಒಬ್ನೇ ಗಂಡ ಇರೋ ಹೆಂಗಸಿಗೂ ಬರಬಹುದು ಯಾಕಂದ್ರೆ ಗಂಡನಿಗೆ ಹಿಂದೆ ಯಾವಾಗ್ಲೋ ಬಂದಿರಬಹುದು, ಇದ್ರಲ್ಲಿ ನಡತೆ ಪ್ರಶ್ನೆ ಇಲ್ಲವೇ ಇಲ್ಲ. ಬಹಳಷ್ಟು ಜನಕ್ಕೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ಮಾತ್ರ ಒಳಗೇ ಕೂತು 15-20 ವರ್ಷ ಆದ್ಮೇಲೆ ಕ್ಯಾನ್ಸರ್ ಆಗುತ್ತೆ. ಒಳಗೆ ಸೇರಿದ ವೈರಸ್ಸನ್ನ ಓಡ್ಸೋ ಶಕ್ತಿ ಲಸಿಕೆಗಿಲ್ಲ, ಬರದ ಹಾಗೆ ತಡೆಯೋದಷ್ಟೇ ಅದರ ಕೆಲಸ. ಅದಕ್ಕೇ ಚಿಕ್ಕ ವಯಸ್ಸು. ಇಂಗ್ಲೆಂಡಲ್ಲಿ ಲೆಕ್ಕ ಹಾಕಿ ನೋಡಿದಾರೆ, 12-13ರಲ್ಲಿ ಹಾಕಿಸ್ಕೊಂಡ ಹುಡ್ಗೀರಲ್ಲಿ ಈ ಕ್ಯಾನ್ಸರ್ ಶೇ. 87 ಕಮ್ಮಿ ಆಗಿತ್ತು, 16ರಿಂದ 18ರಲ್ಲಿ ಹಾಕಿಸ್ಕೊಂಡವರಲ್ಲಿ ಶೇ. 34 ಅಷ್ಟೇ. ಲಸಿಕೆ ಅದೇ, ವಯಸ್ಸು ಬೇರೆ. ಜೇಬಿನ ಲೆಕ್ಕವೂ ಇದೆ ನೋಡಿ, 15 ತುಂಬೋ ಮುಂಚೆ ಎರಡು ಡೋಸ್ ಸಾಕು, ಆಮೇಲೆ ಶುರು ಮಾಡಿದ್ರೆ ಮೂರು.

ಈಗ ಅತ್ತೆ ವಿಷಯ. ಅವರ ಭಯ ಪೂರ್ತಿ ಕಟ್ಟುಕತೆ ಅಂತ ನಾನು ಹೇಳಲ್ಲ. 2009-10ರಲ್ಲಿ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡ್ಗೀರಿಗೆ ಒಂದು ಯೋಜನೆ ಕೆಳಗೆ ಈ ಲಸಿಕೆ ಹಾಕಿದ್ರು, ಅವರಲ್ಲಿ ಏಳು ಜನ ಆಮೇಲೆ ತೀರ್ಕೊಂಡಿದ್ದು ನಿಜ. ತನಿಖೆ ಆಯ್ತು. ಹಾವು ಕಚ್ಚಿದ್ದು, ನೀರಲ್ಲಿ ಮುಳುಗಿದ್ದು, ಮಲೇರಿಯಾ, ಕೀಟನಾಶಕ ಕುಡಿದಿದ್ದು, ಹಿಂಗೆ ಕಾರಣ ಬೇರೆ ಬೇರೆ ಇತ್ತು, ಲಸಿಕೆಯಿಂದ ಸತ್ತರು ಅನ್ನೋಕೆ ಆಧಾರ ಸಿಗ್ಲಿಲ್ಲ. ಆದ್ರೆ ಅಲ್ಲಿ ನಡೆದ ಇನ್ನೊಂದು ಕೆಲಸ ಮಾತ್ರ ಶುದ್ಧ ತಪ್ಪು. ಬುಡಕಟ್ಟು ಮಕ್ಕಳಿದ್ದ ಹಾಸ್ಟೆಲುಗಳಲ್ಲಿ ಅಪ್ಪ ಅಮ್ಮನನ್ನ ಕೇಳದೆ ವಾರ್ಡನ್ನೇ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿದ್ರು! 2013ರಲ್ಲಿ ಸಂಸದೀಯ ಸಮಿತಿ ಇದನ್ನ ಎತ್ತಿ ಸರಿಯಾಗೇ ಛೀಮಾರಿ ಹಾಕ್ತು. ಜನಕ್ಕೆ ನಂಬಿಕೆ ಹೋಗಿದ್ದು ಹೋಗೇ ಬಿಡ್ತು, ಅದಕ್ಕೆ ಜನರನ್ನ ಬೈಯೋಕಾಗಲ್ಲ.

ಆ ಗಲಾಟೆಯಲ್ಲಿ ಸರ್ಕಾರ 2010ರಲ್ಲಿ ದೇಶದಲ್ಲಿ ನಡೀತಿದ್ದ ಬೇರೆ ಎಚ್‌ಪಿವಿ ಲಸಿಕೆ ಅಧ್ಯಯನಗಳನ್ನೂ ನಿಲ್ಸಿಬಿಡ್ತು. ಅದ್ರಲ್ಲೊಂದು ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ನೋಡೋ ಅಧ್ಯಯನ, ಅದು ಅರ್ಧಕ್ಕೇ ನಿಂತಿದ್ದಕ್ಕೆ ಸುಮಾರು ಐದು ಸಾವಿರ ಹುಡ್ಗೀರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನ ಬಿಡದೆ ಹತ್ತು ವರ್ಷ ನೋಡ್ತಾ ಬಂದ್ರು, ಒಂದು ಡೋಸ್ ತಗೊಂಡೋರಿಗೂ ಈ ಕ್ಯಾನ್ಸರ್‌ಗೆ ಮುಖ್ಯ ಕಾರಣ ಆಗೋ 16, 18 ನಂಬರಿನ ಎಚ್‌ಪಿವಿ ತಳಿಗಳು ಒಳಗೆ ಬೇರೂರದ ಹಾಗೆ ಶೇ. 95ರಷ್ಟು ರಕ್ಷಣೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಡೋಸ್ ಕೊಟ್ರೂ ನಡೆಯುತ್ತೆ ಅಂತ ಹೇಳಿದ್ದಕ್ಕೆ ನಮ್ಮ ಹುಡ್ಗೀರ ಈ ಮಾಹಿತಿ ದೊಡ್ಡ ಆಧಾರ. ನಿಮ್ಮ ಮಗಳಿಗೆ ಒಂದಾ ಎರಡಾ ಅಂತ ಮಕ್ಕಳ ಡಾಕ್ಟ್ರನ್ನೇ ಕೇಳಿ.

ಮಕ್ಕಳಾಗಲ್ಲ ಅನ್ನೋದಕ್ಕೆ ಯಾವ ಪುರಾವೆನೂ ಇಲ್ಲ. ಗರ್ಭಕೋಶ ತೆಗೆಯೋದು, ರೇಡಿಯೇಷನ್ ಕೊಡೋದು ಕ್ಯಾನ್ಸರ್ ಬಂದ್ಮೇಲೆ ಮಾಡೋ ಚಿಕಿತ್ಸೆ, ಮಕ್ಕಳಾಗೋ ಭಾಗ್ಯ ತಪ್ಪೋದು ಅದ್ರಿಂದ, ಇದನ್ನ ಅತ್ತೆಗೆ ನಿಧಾನವಾಗಿ ಹೇಳಿ. ಲಸಿಕೆಯಲ್ಲಿ ಜೀವಂತ ವೈರಸ್ ಇರಲ್ಲ, ವೈರಸ್ಸಿನ ಹೊರಗಿನ ಪ್ರೋಟೀನ್ ಚಿಪ್ಪಷ್ಟೇ. ತೋಳು ನೋಯುತ್ತೆ, ಜ್ವರ ತಲೆನೋವು ಬರಬಹುದು. ಈ ವಯಸ್ಸಿನ ಮಕ್ಕಳು ಸೂಜಿ ಕಂಡೇ ತಲೆ ಸುತ್ತಿ ಬೀಳ್ತಾರೆ, ಅದಕ್ಕೆ ತಿಂಡಿ ತಿನ್ಸಿ ಕರ್ಕೊಂಡ್ ಹೋಗಿ, ಚುಚ್ಚಿದ್ಮೇಲೆ 15 ನಿಮಿಷ ಅಲ್ಲೇ ಕೂರ್ಸಿ. ಯೀಸ್ಟ್ ಅಲರ್ಜಿ ಜೋರಾಗಿ ಇದ್ರೆ ಮೊದ್ಲೇ ಹೇಳಿ. ದುಡ್ಡು ಕೊಡೋ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆ ಹತ್ರ ಸರ್ಕಾರಿ ಆಸ್ಪತ್ರೆಲಿ ಸಿಗುತ್ತಾ ಅಂತ ಒಂದ್ ಮಾತು ಕೇಳ್ಕೊಳಿ. ಮಗಳಿಗೂ ಇದು ಯಾಕೆ ಅಂತ ಹೇಳಿ, 12 ವರ್ಷದೋಳಿಗೆ ಅರ್ಥ ಆಗುತ್ತೆ.

ಪ್ರಶ್ನೆ: ನಂಗೆ 23, ಮದ್ವೆ ಫಿಕ್ಸ್ ಆಗಿದೆ. ಈಗ ಹಾಕಿಸ್ಕೊಂಡ್ರೆ ಉಪಯೋಗ ಇದ್ಯಾ, ತುಂಬಾ ಕಾಸ್ಟ್ಲಿನಾ? ಅಮ್ಮ ಹೇಳ್ತಾರೆ ಇದನ್ನ ಕೇಳ್ಕೊಂಡು ಹೋದ್ರೆ ಜನ ಏನಂದ್ಕೋತಾರೆ ಅಂತ.
– ಮೈಸೂರು

ಉತ್ತರ: ಇದೆ. ಸಾಮಾನ್ಯವಾಗಿ ಮೂರು ಡೋಸು: ಇವತ್ತು, ಎರಡು ತಿಂಗಳಿಗೆ, ಆರು ತಿಂಗಳಿಗೆ. ಮಧ್ಯ ಮದ್ವೆ ಆದ್ರೂ ಚಿಂತೆ ಇಲ್ಲ, ಗರ್ಭಿಣಿ ಆದ್ರೆ ಮಾತ್ರ ಅಲ್ಲಿಗೇ ನಿಲ್ಸಿ ಉಳಿದಿದ್ದನ್ನ ಹೆರಿಗೆ ಆದ್ಮೇಲೆ ಹಾಕಿಸ್ಕೊಳಿ, ಮತ್ತೆ ಮೊದಲಿಂದ ಶುರು ಮಾಡ್ಬೇಕಾಗಿಲ್ಲ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂತು, ಹೊರದೇಶದ ಗಾರ್ಡಸಿಲ್ 9 ಲಸಿಕೆ ಬೆಲೆ ಅದರ ಎಷ್ಟೋ ಪಟ್ಟು. ಗಾರ್ಡಸಿಲ್ 9 ಹೆಚ್ಚು ತಳಿಗಳನ್ನ ತಡೆಯುತ್ತೆ ನಿಜ, ಆದ್ರೆ ನಮ್ಮಲ್ಲಿ ಈ ಕ್ಯಾನ್ಸರ್‌ಗೆ ಮುಖ್ಯ ಕಾರಣ ಆಗೋ 16, 18 ಎರಡನ್ನೂ ಸರ್ವಾವ್ಯಾಕ್ ತಡೆಯುತ್ತೆ, ಸಾಲ ಮಾಡಿ ದುಬಾರಿದು ಹಾಕಿಸ್ಕೊಳಿ ಅಂತ ನಾನಂತೂ ಹೇಳಲ್ಲ. ಜನ ಅಂದ್ಕೊಳ್ಳೋದಕ್ಕೆ ನನ್ ಹತ್ರ ಔಷಧಿ ಇಲ್ಲಮ್ಮ.

ಪ್ರಶ್ನೆ: ಗಂಡು ಮಕ್ಕಳಿಗೂ ಬೇಕಾ?
– ಹಾಸನ

ಉತ್ತರ: ಹಾಕ್ಸಬಹುದು, 9ರಿಂದ 26 ವರ್ಷದ ಗಂಡು ಮಕ್ಕಳಿಗೂ ಸರ್ವಾವ್ಯಾಕ್‌ಗೆ ಅನುಮತಿ ಇದೆ. ಗಂಡಸರಿಗೆ ಗಂಟಲು, ಗುದದ್ವಾರ, ಶಿಶ್ನದ ಕೆಲವು ಕ್ಯಾನ್ಸರ್ ಬರೋದೂ ಇದೇ ವೈರಸ್ಸಿಂದ. ದುಡ್ಡು ಒಬ್ರಿಗೇ ಆಗೋ ಹಾಗಿದ್ರೆ ಮೊದ್ಲು ಹುಡ್ಗಿಗೆ.

ಪ್ರಶ್ನೆ: ನಂಗೆ 39, ಎರಡು ಮಕ್ಕಳು. ಮಗಳ ಜೊತೆ ನಾನೂ ಹಾಕಿಸ್ಕೊಳ್ಳಾ?
– ತುಮಕೂರು

ಉತ್ತರ: ಹಾಕಿಸ್ಕೊಂಡ್ರೆ ತೊಂದ್ರೆ ಏನಿಲ್ಲ, ಲಾಭ ಕಮ್ಮಿ. ನಿಮ್ಮ ವಯಸ್ಸಿಗೆ ಬೇಕಾಗಿರೋದು ಗರ್ಭಕಂಠದ ಕ್ಯಾನ್ಸರ್ ತಪಾಸಣೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದ್ರೂ ಈ ಪರೀಕ್ಷೆ ಮಾಡಿಸ್ಕೊಂಡೋರು ದೇಶದಲ್ಲಿ ಶೇ. 1.9 ಮಾತ್ರ, ಕೇಳಿದ್ರೆ ಎಲ್ಲರೂ ಟೈಮಿಲ್ಲ ಅಂತಾರೆ. ಸರ್ಕಾರಿ ಆಸ್ಪತ್ರೆಲಿ ವಿಐಎ ಅಂತ ಕೇಳಿ, ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದು ಬಿಳಿ ಮಚ್ಚೆ ಏಳುತ್ತಾ ನೋಡ್ತಾರೆ, ಅಲ್ಲೇ ರಿಸಲ್ಟು. ಖಾಸಗಿಲಾದ್ರೆ ಪ್ಯಾಪ್ (ಗರ್ಭಕಂಠದ ಜೀವಕೋಶ ತೆಗೆದು ನೋಡೋದು) ಇಲ್ಲಾ ಎಚ್‌ಪಿವಿ ಟೆಸ್ಟ್ (ವೈರಸ್ ಇದ್ಯಾ ಅಂತ ನೋಡೋದು), ಎಚ್‌ಪಿವಿ ಟೆಸ್ಟೇ ಒಳ್ಳೇದು. ನೆನಪಿರ್ಲಿ, ಮಗಳು ಲಸಿಕೆ ಹಾಕಿಸ್ಕೊಂಡಿದ್ರೂ ಅವಳಿಗೆ 30 ಆದಾಗ ಈ ಪರೀಕ್ಷೆ ಬೇಕೇ ಬೇಕು. ಇನ್ನು ಸಂಪರ್ಕ ಆದ್ಮೇಲೆ ರಕ್ತ ಕಾಣ್ಸೋದು, ಮುಟ್ಟು ನಿಂತು ವರ್ಷ ಆದ್ಮೇಲೆ ಮತ್ತೆ ರಕ್ತಸ್ರಾವ, ವಾಸನೆ ಬರೋ ಬಿಳಿಸೆರಗು ಇದ್ರೆ ಕ್ಯಾಂಪ್ ಯಾವಾಗ ಬರುತ್ತೋ ಅಂತ ಕಾಯ್ಬೇಡಿ, ಈ ವಾರವೇ ಸ್ತ್ರೀರೋಗ ತಜ್ಞರ ಹತ್ರ ಹೋಗಿ ಸ್ಪೆಕ್ಯುಲಂ (ಯೋನಿ ಅಗಲಿಸಿ ನೋಡೋ ಸಾಧನ) ಹಾಕಿ ಒಳಗೆ ನೋಡಿ ಅಂತ ಬಾಯಿಬಿಟ್ಟು ಕೇಳಿ, ಬರೀ ಮಾತ್ರೆ ಬರ್ಸ್ಕೊಂಡು ವಾಪಸ್ ಬರ್ಬೇಡಿ.