ಹೊರಡುವ ಹಕ್ಕಿದೆ, ಹೋಗಿ ಸೇರುವ ಹಕ್ಕಿಲ್ಲವೇ?

ಸಂಪಾದಕರೇ,
ಕಳೆದ ಸಂಚಿಕೆಯಲ್ಲಿ ನೀವು ‘ಗಡಿ ದಾಟುವುದು ಮನುಷ್ಯನ ಸಹಜ ಹಕ್ಕು’ ಎಂದು ಬರೆದಿದ್ದೀರಿ. ನನ್ನ ಮನೆಗೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಯಾರು ಒಳಗೆ ಬರಬೇಕು ಅನ್ನುವುದು ನನ್ನ ತೀರ್ಮಾನ. ದೇಶವೂ ಹಾಗೇ ಅಲ್ವಾ? ಕಾನೂನು ಕೊಟ್ಟರೆ ಅದು ಹಕ್ಕು, ಕೊಡದಿದ್ದರೆ ಬರೀ ಮಾತು. ಅಥವಾ ನಾಳೆಯೇ ಎಲ್ಲ ಗಡಿ ತೆಗೆದುಬಿಡಿ ಅನ್ನುತ್ತೀರಾ?
– ಒಬ್ಬ ನಿವೃತ್ತ ಅಧ್ಯಾಪಕ

ಪ್ರಿಯ ಮೇಷ್ಟ್ರೇ,

ಇಂಥ ಪತ್ರ ಬಂದರೆ ನನಗೆ ಖುಷಿ. ಸುಮ್ನೆ ಹೊಗಳಿಲ್ಲ, ಸುಮ್ನೆ ಬೈದಿಲ್ಲ, ನೇರವಾಗಿ ವಾದಕ್ಕೆ ಇಳಿದಿದ್ದೀರಿ. ಅದಕ್ಕೇ ಈ ಸಲ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ. ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಒಪ್ಪುವುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಅಂಟುರೋಗ ಹಬ್ಬುವಾಗ ಗಡಿಯಲ್ಲಿ ತಡೆಯಬೇಕಾಗುತ್ತದೆ. ಕೊಲೆ ಮಾಡಿ ಓಡಿಬಂದವನನ್ನು ಹಿಡಿಯಬೇಕಾಗುತ್ತದೆ. ಪುಟ್ಟ ದೇಶವೊಂದಕ್ಕೆ ಒಂದೇ ವರ್ಷದಲ್ಲಿ ಲಕ್ಷಾಂತರ ಜನ ಬಂದರೆ ಅಲ್ಲಿನ ಆಸ್ಪತ್ರೆ, ಶಾಲೆಗಳಿಗೆ ಕಷ್ಟ. ಆದರೆ ಮಾತಾಡುವ ಹಕ್ಕಿಗೂ ಮಿತಿ ಇದೆ. ಮಿತಿ ಇದೆ ಎಂದು ಅದು ಹಕ್ಕೇ ಅಲ್ಲ ಅಂತ ಯಾರೂ ಹೇಳುವುದಿಲ್ಲ.

ಈಗ ನಿಮ್ಮ ಮನೆಯ ಬಾಗಿಲಿಗೆ ಬರೋಣ. ಮನೆ ನಿಮ್ಮದು. ಕಟ್ಟಿಸಿದ್ದೀರಿ ಅಥವಾ ಕೊಂಡಿದ್ದೀರಿ. ದೇಶವನ್ನು ಹಾಗೆ ಕೊಂಡವರು ಯಾರು? ಗಡಿಯಾಚೆಯ ಒಬ್ಬನಿಗೆ ಮನೆ ಬಾಡಿಗೆಗೆ ಕೊಡಲು ನಾನು ಸಿದ್ಧ ಅಂತಿಟ್ಟುಕೊಳ್ಳಿ. ಇನ್ನೊಬ್ಬರು ಅವನಿಗೆ ಕೆಲಸ ಕೊಡಲು ಸಿದ್ಧ. ಅವನ ತಂಗಿ ಮದುವೆಯಾಗಿ ಇಲ್ಲೇ ಇದ್ದಾಳೆ, ಅಣ್ಣ ಬರಲಿ ಎಂದು ಕಾಯುತ್ತಿದ್ದಾಳೆ. ಬರಬೇಡ ಎಂದವರು ನಮ್ಮ ಮೂವರಲ್ಲಿ ಯಾರೂ ಅಲ್ಲ. ಅಂದಮೇಲೆ ಗಡಿಯಲ್ಲಿ ತಡೆದದ್ದು ಅವನೊಬ್ಬನನ್ನೇ ಅಲ್ಲ, ಕರೆದ ನಮ್ಮನ್ನೂ. ನಿಮ್ಮ ಮನೆಗೆ ಹೊರಟ ನೆಂಟರನ್ನು ಬೀದಿಯ ತುದಿಯಲ್ಲೇ ಬೇರೆ ಯಾರೋ ವಾಪಸ್ ಕಳಿಸಿದರೆ ನೀವು ಒಪ್ಪುತ್ತೀರಾ ಮೇಷ್ಟ್ರೇ? ನಿಮ್ಮ ಹೋಲಿಕೆಯನ್ನು ಕೊನೆಯವರೆಗೆ ಎಳೆದರೆ ಅದು ನನ್ನ ಕಡೆಗೇ ವಾಲುತ್ತದೆ.

ಕಾನೂನು ಕೊಟ್ಟರಷ್ಟೇ ಹಕ್ಕು ಎಂಬ ಮಾತು ಇದಕ್ಕಿಂತ ಗಟ್ಟಿ. ಅದಕ್ಕೆ ದಕ್ಷಿಣ ಆಫ್ರಿಕಾದ ಕಡೆ ನೋಡಬೇಕು. ವರ್ಣಭೇದದ ಕಾಲದಲ್ಲಿ ಅಲ್ಲಿನ ಕಪ್ಪು ಜನ ನಗರಗಳಲ್ಲಿ ಇರಬೇಕಾದರೆ ಪಾಸ್, ಅಂದರೆ ಸರ್ಕಾರದ ಅನುಮತಿ ಪತ್ರ, ಜೊತೆಯಲ್ಲಿಟ್ಟುಕೊಂಡೇ ಓಡಾಡಬೇಕಿತ್ತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಸ್ವಂತ ಜನರನ್ನು ಸ್ವಂತ ದೇಶದಲ್ಲೇ ಓಡಾಡಲು ಬಿಡುವುದಿಲ್ಲವೇ ಎಂದು ಜಗತ್ತೆಲ್ಲ ಕೇಳಿತು. ಮುಂದೆ ಆ ಸರ್ಕಾರ ಹಿಡಿದ ದಾರಿ ನೋಡಿ. ತನ್ನದೇ ನೆಲದ ಒಂದೊಂದು ತುಂಡನ್ನು ಬೇರೆ ದೇಶ ಎಂದು ಘೋಷಿಸತೊಡಗಿತು. 1976ರಲ್ಲಿ ಟ್ರಾನ್ಸ್‌ಕೈ ಎಂಬ ತುಂಡು ‘ಸ್ವತಂತ್ರ’ವಾಯಿತು. ದಕ್ಷಿಣ ಆಫ್ರಿಕಾದ ಸರ್ಕಾರ ಖೋಸಾ ಎಂಬ ಕಪ್ಪು ಸಮುದಾಯದ ಜನರನ್ನು ಅದರ ಪ್ರಜೆಗಳೆಂದು ಬರೆದುಕೊಂಡು ಅವರ ದಕ್ಷಿಣ ಆಫ್ರಿಕಾದ ಪೌರತ್ವವನ್ನು ತೆಗೆದುಹಾಕಿತು. ಜೊಹಾನ್ಸ್‌ಬರ್ಗ್‌ನಲ್ಲೇ ಹುಟ್ಟಿ ಬೆಳೆದವನೂ ಕಾಗದದಲ್ಲಿ ಅಲ್ಲಿಗೆ ವಿದೇಶಿಯಾದ. ಇನ್ನು ಅವನನ್ನು ತಡೆದರೆ ಅದು ಸ್ವಂತ ಪ್ರಜೆಯನ್ನು ತಡೆದಂತೆ ಅಲ್ಲ, ವಲಸಿಗನನ್ನು ತಡೆದಂತೆ!

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕಾನೂನು ಇತ್ತು. ಗಡಿ ಇತ್ತು. ಎಲ್ಲವೂ ಪಾರ್ಲಿಮೆಂಟಿನಲ್ಲಿ ಪಾಸಾಗಿತ್ತು. ಕಾನೂನು ಕೊಟ್ಟರೆ ಮಾತ್ರ ಹಕ್ಕು ಅನ್ನುವುದಾದರೆ ಅಲ್ಲಿ ಆದ ತಪ್ಪಾದರೂ ಏನು? ತಪ್ಪು ಇತ್ತು ಎಂದು ನೀವೂ ಹೇಳುತ್ತೀರಿ, ನನಗೆ ಗೊತ್ತು. ಬೇರೆ ಯಾವ ದೇಶವೂ ಟ್ರಾನ್ಸ್‌ಕೈಯನ್ನು ದೇಶವೆಂದು ಒಪ್ಪಲಿಲ್ಲ. ಆ ಜನರಿಂದ ಏನನ್ನೋ ಕಿತ್ತುಕೊಂಡಿದ್ದಾರೆ ಎಂದು ನಮಗೆಲ್ಲ ಅನ್ನಿಸುತ್ತದಲ್ಲ, ಅದು ಆ ಕಾನೂನಿಗಿಂತ ಮೊದಲೇ ಅವರ ಬಳಿ ಇದ್ದದ್ದು. ನಾನು ಸಹಜ ಹಕ್ಕು ಎನ್ನುವುದು ಅದನ್ನೇ.

ಅದು ಸುಳ್ಳು ಗಡಿ, ನಿಜವಾದ ಗಡಿಗಳ ಮಾತೇ ಬೇರೆ ಎನ್ನಬಹುದು ನೀವು. ನಿಜವಾದ ಗಡಿಗಳು ಹೇಗೆ ಹುಟ್ಟುತ್ತವೆ ಎಂದೂ ನೋಡಬೇಕಲ್ಲ. ಭಾರತ, ಪಾಕಿಸ್ತಾನದ ಗಡಿ ಗುರುತಿಸಲು ಬಂದ ಬ್ರಿಟಿಷ್ ವಕೀಲ ಸಿರಿಲ್ ರಾಡ್‌ಕ್ಲಿಫ್ 1947ರ ಜುಲೈನಲ್ಲಿ ಇಲ್ಲಿಗೆ ಬರುವ ಮೊದಲು ಈ ನೆಲವನ್ನು ನೋಡಿಯೇ ಇರಲಿಲ್ಲ. ಸುಮಾರು ಐದು ವಾರದಲ್ಲಿ ಪಂಜಾಬ್, ಬಂಗಾಳಗಳನ್ನು ಸೀಳುವ ಗೆರೆ ಎಳೆದರು. ಆ ಗೆರೆ ಪ್ರಕಟವಾದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದು ಎರಡು ದಿನವಾದ ಮೇಲೆ. ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಸುತ್ತಲಿನ ಕಥೆ ಇನ್ನೂ ವಿಚಿತ್ರ. ರಾಜರ ಕಾಲದಿಂದ ಚೂರುಚೂರಾಗಿ ಹಂಚಿಹೋಗಿದ್ದ ಜಾಗಗಳು ಅಲ್ಲಿ ಒಂದರೊಳಗೊಂದು ಸಿಕ್ಕಿಕೊಂಡವು. ದಹಲಾ ಖಗ್ರಾಬಾರಿ ಎಂಬ ಭಾರತದ ಒಂದು ತುಂಡು ನೆಲ ಬಾಂಗ್ಲಾದೇಶದ ತುಂಡೊಂದರ ಒಳಗಿತ್ತು. ಆ ತುಂಡು ಭಾರತದ ಇನ್ನೊಂದು ತುಂಡಿನ ಒಳಗೆ, ಅದು ಮತ್ತೆ ಬಾಂಗ್ಲಾದೇಶದ ಒಳಗೆ. ಇಂಥ 162 ತುಂಡುಗಳನ್ನು ಎರಡೂ ದೇಶಗಳು ಅದಲುಬದಲು ಮಾಡಿಕೊಂಡದ್ದು 2015ರಲ್ಲಿ. ಅಲ್ಲಿಯವರೆಗೆ 50,000ಕ್ಕೂ ಹೆಚ್ಚು ಜನ ಸಂತೆಗೆ, ಆಸ್ಪತ್ರೆಗೆ, ಶಾಲೆಗೆ ಹೋಗಬೇಕಾದರೆ ಕಾನೂನಿನ ಕಣ್ಣಿಗೆ ವಿದೇಶ ಪ್ರವೇಶ ಮಾಡಬೇಕಿತ್ತು. ವೀಸಾ ಬೇಕಾದರೆ ನಗರಕ್ಕೆ ಹೋಗಬೇಕು, ನಗರಕ್ಕೆ ಹೋಗಲು ಪರದೇಶ ದಾಟಬೇಕು. ಮಗುವಿಗೆ ಜ್ವರ ಬಂದಾಗ ಗೆರೆ ದಾಟಿದ ತಾಯಿ ಯಾರ ಹಕ್ಕನ್ನು ಕಿತ್ತುಕೊಂಡಳು?

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲೇ ಇದನ್ನು ಹೇಳಿದ್ದ. ಭೂಮಿ ದುಂಡಗಿದೆ, ಜನ ಕೊನೆಯಿಲ್ಲದಂತೆ ದೂರ ದೂರ ಚದುರಿ ಹೋಗಲಾರರು, ಒಬ್ಬರನ್ನೊಬ್ಬರು ಸಹಿಸಿಕೊಳ್ಳಲೇಬೇಕು. ಮೂಲದಲ್ಲಿ ಯಾವ ಜಾಗದ ಮೇಲೂ ಒಬ್ಬನಿಗಿಂತ ಇನ್ನೊಬ್ಬನಿಗೆ ಜಾಸ್ತಿ ಹಕ್ಕಿಲ್ಲ. ಅವನು ಒಪ್ಪಿದ್ದು ಬಂದುಹೋಗುವ ಹಕ್ಕನ್ನು, ನೆಲೆಸುವ ಹಕ್ಕನ್ನಲ್ಲ. ನಾನು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಆದರೆ ಇವತ್ತು ಅವನು ಒಪ್ಪಿದಷ್ಟನ್ನೂ ನಾವು ಕೊಡುತ್ತಿಲ್ಲ.

ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆ ತೆಗೆದು ನೋಡಿ. ಅದರ 13ನೇ ವಿಧಿಯ ಪ್ರಕಾರ ಯಾರು ಬೇಕಾದರೂ ಯಾವ ದೇಶವನ್ನು ಬೇಕಾದರೂ ಬಿಟ್ಟು ಹೋಗಬಹುದು, ತನ್ನ ದೇಶಕ್ಕೆ ವಾಪಸ್ ಬರಬಹುದು. ಇನ್ನೊಂದು ದೇಶಕ್ಕೆ ಕಾಲಿಡುವ ಮಾತು ಮಾತ್ರ ಅಲ್ಲಿಲ್ಲ. ಬಿಟ್ಟು ಹೋಗುವುದು ಹಕ್ಕಾದರೆ ಹೋಗುವುದಾದರೂ ಎಲ್ಲಿಗೆ? 1939ರಲ್ಲಿ ಹ್ಯಾಂಬರ್ಗ್‌ನಿಂದ ಹೊರಟ ಸೇಂಟ್ ಲೂಯಿಸ್ ಹಡಗಿನಲ್ಲಿದ್ದ 937 ಪ್ರಯಾಣಿಕರಿಗೆ ಹೊರಡಲು ಯಾರೂ ಅಡ್ಡಿ ಮಾಡಲಿಲ್ಲ. ಅವರಲ್ಲಿ ಹೆಚ್ಚಿನವರು ಯಹೂದಿಗಳು, ನಾಜಿ ಸರ್ಕಾರಕ್ಕೆ ಅವರು ತೊಲಗಿದರೆ ಸಾಕಿತ್ತು. ಕ್ಯೂಬಾ ಕೆಲವೇ ಜನರನ್ನು ಇಳಿಸಿಕೊಂಡಿತು. ಅಮೆರಿಕ, ಕೆನಡಾ ಬಾಗಿಲು ತೆರೆಯಲಿಲ್ಲ. ಹಡಗು ಯುರೋಪಿಗೆ ವಾಪಸಾಯಿತು. ಅವರಲ್ಲಿ 254 ಜನ ಮುಂದೆ ನಾಜಿಗಳ ನರಮೇಧದಲ್ಲಿ ಸತ್ತರು. ಪ್ರತಿ ಬಂದರಿನಲ್ಲೂ ಅಧಿಕಾರಿಗಳು ಕಾನೂನು ಹೇಳಿದ್ದನ್ನೇ ಮಾಡಿದ್ದರು.

ನನಗೆ ಕೋಪ ಬರುವುದು ಇನ್ನೊಂದು ಕಾರಣಕ್ಕೆ. ಈ ಹಕ್ಕನ್ನು ಇವತ್ತು ಬಾಯಿಬಿಟ್ಟು ಅಲ್ಲಗಳೆಯುವವರು ತಮಗೆ ಬೇಕಾದಾಗ ಇದನ್ನೇ ಎತ್ತಿ ಹಿಡಿದಿದ್ದರು. 1539ರಲ್ಲಿ ಸ್ಪೇನಿನ ಧರ್ಮಶಾಸ್ತ್ರಜ್ಞ ವಿಟೋರಿಯಾ, ಅಮೆರಿಕದ ನೆಲದಲ್ಲಿ ಓಡಾಡುವುದು, ವ್ಯಾಪಾರ ಮಾಡುವುದು ಸ್ಪೇನಿನವರ ಸಹಜ ಹಕ್ಕು ಎಂದು ವಾದಿಸಿದ. ಆ ಹಕ್ಕಿನ ಹೆಸರಲ್ಲಿ ಹೋದವರ ಕೈಯಲ್ಲಿ ಏನೇನಿತ್ತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಅಮೆರಿಕ 1868ರಲ್ಲಿ ಚೀನಾದ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ತನ್ನ ನೆಲೆಯನ್ನು, ನಿಷ್ಠೆಯನ್ನು ಬದಲಿಸುವುದು ಮನುಷ್ಯನ ಹುಟ್ಟು ಹಕ್ಕು, ಅದನ್ನು ಯಾರೂ ಕಿತ್ತುಕೊಳ್ಳಲಾಗದು ಎಂದು ಎರಡೂ ದೇಶಗಳು ಅದರಲ್ಲಿ ಒಪ್ಪಿದವು. ಆಗ ಅಮೆರಿಕಕ್ಕೆ ಬೆಟ್ಟ ಕಡಿದು ರೈಲು ಹಳಿ ಹಾಕಲು ಕೈಗಳು ಬೇಕಿದ್ದವು. ಸಾವಿರಾರು ಚೀನೀ ಕೂಲಿಗಳು ಆ ಕೆಲಸ ಮಾಡಿದರು. ಹಳಿ 1869ರಲ್ಲಿ ಮುಗಿಯಿತು. 1882ರಲ್ಲಿ ಅದೇ ಅಮೆರಿಕ ಚೀನೀ ಕಾರ್ಮಿಕರು ಬರಲೇಬಾರದು ಎಂದು ಕಾನೂನು ಮಾಡಿತು. ಆ ಕಾನೂನು ರದ್ದಾಗಲು 1943ರವರೆಗೆ ಕಾಯಬೇಕಾಯಿತು. ಹದಿನಾಲ್ಕು ವರ್ಷದಲ್ಲಿ ಮನುಷ್ಯನ ಹುಟ್ಟು ಹಕ್ಕು ಬದಲಾಯಿತೇ? ಬದಲಾದದ್ದು ಕೆಲಸಕ್ಕೆ ಕರೆದವರ ಅಗತ್ಯ.

ಕೆನಡಾ ಇನ್ನೊಂದು ಜಾಣತನ ಮಾಡಿತು. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂದು 1908ರಲ್ಲಿ ನಿಯಮ ತಂದಿತು. ಭಾರತದಿಂದ ಹಾಗೆ ಬರಲು ಹಡಗೇ ಇರಲಿಲ್ಲ. ಮೈಬಣ್ಣದ ಮಾತನ್ನೇ ಎತ್ತದೆ ಕೆಲಸ ಮುಗಿಯಿತು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ 376 ಭಾರತೀಯರಲ್ಲಿ ಹೆಚ್ಚಿನವರನ್ನು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ಇಳಿಯಲು ಬಿಡದೆ ವಾಪಸ್ ಕಳಿಸಿದರು. ಅವರೂ ಕೆನಡಾದವರೂ ಒಂದೇ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು!

ಇದೆಲ್ಲ ಹಳೆಯದು ಎನ್ನಬೇಡಿ. ಇವತ್ತು ದುಡ್ಡು ಒಂದು ಕ್ಷಣದಲ್ಲಿ ಗಡಿ ದಾಟುತ್ತದೆ. ಸರಕು ತುಂಬಿದ ಕಂಟೇನರ್ ದಾಟುತ್ತದೆ. ದುಡ್ಡಿದ್ದವರಿಗೆ ಪೌರತ್ವವೇ ಮಾರಾಟಕ್ಕಿದೆ. ಸೇಂಟ್ ಕಿಟ್ಸ್ ದೇಶ 1984ರಿಂದ ಹೂಡಿಕೆ ಮಾಡಿದವರಿಗೆ ಪಾಸ್‌ಪೋರ್ಟ್ ಕೊಡುತ್ತಿದೆ. ಮಾಲ್ಟಾವೂ ಅದನ್ನೇ ಮಾಡುತ್ತಿತ್ತು. 2025ರಲ್ಲಿ ಯುರೋಪಿನ ನ್ಯಾಯಾಲಯ ಅದು ತಪ್ಪು ಎಂದಿತು. ಉಳಿದವರ ಪಾಡು ಏನು? ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆಸ್ತಿ ಪತ್ರ, ಹೋಟೆಲ್ ಬುಕಿಂಗ್. ವಾಪಸ್ ಬಂದೇ ಬರುತ್ತೇನೆ ಎಂದು ನಂಬಿಸಬೇಕು. ಅಮೆರಿಕದ ಕಾನೂನಂತೂ ಸುಮ್ನೆ ನೋಡಿ ಬರಲು ಹೊರಟವರನ್ನೂ ಅಲ್ಲೇ ಉಳಿಯಲು ಬಂದವರು ಎಂದೇ ಮೊದಲು ಭಾವಿಸುತ್ತದೆ. ಹಾಗಲ್ಲ ಎಂದು ಸಾಬೀತು ಮಾಡುವ ಹೊರೆ ಅರ್ಜಿ ಹಾಕಿದವರದು. ನಮ್ಮ ಪತ್ರಿಕೆಗೆ ಬರೆಯುವ ಒಬ್ಬ ಲೇಖಕಿ ಮಗಳ ಹೆರಿಗೆಗೆ ಹೋಗಲು ಒಂದು ದೇಶದ ವೀಸಾ ಕೇಳಿದರು. ಸಿಗಲಿಲ್ಲ. ಸರಿಯಾದ ಕಾರಣವನ್ನೂ ಹೇಳಲಿಲ್ಲ, ಕಟ್ಟಿದ ದುಡ್ಡೂ ವಾಪಸ್ ಬರಲಿಲ್ಲ. ಮೊಮ್ಮಗಳನ್ನು ಅವರು ಮೊದಲು ನೋಡಿದ್ದು ಫೋನಿನಲ್ಲಿ. ಆ ಹೆಣ್ಣುಮಗಳು ಯಾರಿಗೆ ಏನು ಅಪಾಯ ಮಾಡುತ್ತಿದ್ದರು?

ಎಲ್ಲ ಕಾಲದಲ್ಲೂ ಹೀಗೇ ಇರಲಿಲ್ಲ ಮೇಷ್ಟ್ರೇ. 1914ಕ್ಕೆ ಮೊದಲು ಯುರೋಪಿನ ಬಹುಪಾಲು ದೇಶಗಳಲ್ಲಿ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದಿತ್ತು. ಕಾಗದ ಕೇಳುವ ಪದ್ಧತಿ ಬಿಗಿಯಾದದ್ದು ಯುದ್ಧದಿಂದ. 1920ರಲ್ಲಿ ಪ್ಯಾರಿಸ್‌ನಲ್ಲಿ ಸೇರಿ ಪಾಸ್‌ಪೋರ್ಟಿಗೆ ಒಂದು ರೂಪ ಕೊಟ್ಟವರು ಕೂಡ ಅದನ್ನು ತಾತ್ಕಾಲಿಕ ಎಂದೇ ನೋಡಿದ್ದರು. ಯುದ್ಧ ಮುಗಿಯಿತು, ಕಾಗದ ಉಳಿಯಿತು. ನಾವು ಈಗ ಅದನ್ನೇ ಪ್ರಕೃತಿ ನಿಯಮ ಅಂದುಕೊಂಡಿದ್ದೇವೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಾಳೆಯೇ ಎಲ್ಲ ಗಡಿ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ತೆಗೆದರೆ ಜಗತ್ತೇ ಎದ್ದು ಹೊರಡುತ್ತದೆ ಎಂಬ ಭಯ ಬೇಡ ಎಂದಂತೂ ಹೇಳುತ್ತೇನೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಹುಟ್ಟಿದ ದೇಶ ಬಿಟ್ಟು ಬೇರೆಡೆ ಇರುವವರು ಸುಮಾರು 30.4 ಕೋಟಿ, ಜಗತ್ತಿನ ಜನಸಂಖ್ಯೆಯಲ್ಲಿ ಶೇ. 3.7. ಗಡಿ ಇರುವುದರಿಂದಲೇ ಇಷ್ಟು ಕಡಿಮೆ ಎನ್ನುವಿರಾ? 1950ರ ಒಪ್ಪಂದದಿಂದ ಭಾರತ, ನೇಪಾಳದ ಜನ ವೀಸಾ ಇಲ್ಲದೆ ಅತ್ತಿತ್ತ ಹೋಗಿ ಬಂದು ಬದುಕುತ್ತಿದ್ದಾರೆ. ನೇಪಾಳ ಖಾಲಿಯಾಗಿಲ್ಲ. ಯುರೋಪಿನ ಷೆಂಗೆನ್ ಒಪ್ಪಂದದ ದೇಶಗಳ ನಡುವೆ 1995ರಿಂದ ತಪಾಸಣೆ ಎದ್ದುಹೋಗಿದೆ. ಮಧ್ಯೆ ಮಧ್ಯೆ ಮತ್ತೆ ತಂದಿದ್ದಾರೆ ನಿಜ, ಆದರೂ ಅಲ್ಲಿನ ಬಹುಪಾಲು ಜನ ತಮ್ಮ ದೇಶದಲ್ಲೇ ಇದ್ದಾರೆ. ಭಾಷೆ, ಬಂಧುಬಳಗ ಬಿಟ್ಟು ಹೋಗುವುದು ಯಾರಿಗೂ ಸುಲಭವಲ್ಲ.

ನಾನು ಕೇಳುವುದು ಇಷ್ಟೇ. ತಡೆಯುವವರು ಕಾರಣ ಹೇಳಲಿ, ಅದೂ ಬರವಣಿಗೆಯಲ್ಲಿ. ಆ ಕಾರಣ ತಪ್ಪು ಎನ್ನಲು ಒಂದು ನ್ಯಾಯಾಲಯವಿರಲಿ. ವೀಸಾ ಕೊಡದಿದ್ದರೆ ದುಡ್ಡು ವಾಪಸ್ ಕೊಡಲಿ. ದೋಣಿಯಲ್ಲಿ ಬಂದವರನ್ನು ಮತ್ತೆ ಸಮುದ್ರಕ್ಕೆ ತಳ್ಳದಿರಲಿ. ಬರುವವರು ತಾವು ಕಳ್ಳರಲ್ಲ ಎಂದು ತೋರಿಸಬೇಕಾದ ಈಗಿನ ಕ್ರಮ ತಿರುಗಿ, ತಡೆಯುವವರು ತಾವು ತಡೆಯುವುದು ಸರಿ ಎಂದು ತೋರಿಸಬೇಕಾಗಲಿ.

ಇದಕ್ಕೂ ನೀವು ವಾದ ಹೂಡುತ್ತೀರಿ ಎಂದು ಬಲ್ಲೆ, ಕಾಯುತ್ತಿರುತ್ತೇನೆ. ಆದರೆ ಮುಂದಿನ ಪತ್ರದಲ್ಲಿ ಮನೆ, ಬಾಗಿಲಿನ ಮಾತು ಬೇಡ. ಟ್ರಾನ್ಸ್‌ಕೈಯಲ್ಲಿ ನಡೆದದ್ದು ಯಾಕೆ ತಪ್ಪು ಎಂದು ನಿಮ್ಮ ವಾದದಿಂದಲೇ ತೋರಿಸಿ. ಒಂದಕ್ಷರ ಬಿಡದೆ ಪ್ರಕಟಿಸುತ್ತೇನೆ.

– ಸಂಪಾದಕ