ಹಸಿವಿಗೊಂದು ಅಳತೆಗೆರೆ

ಪ್ರಶ್ನೆ: ಒಂದು ಬಗೆಯ ಉಪಾಹಾರ ತಿಂದವರಿಗೆ ಮಧ್ಯಾಹ್ನದವರೆಗೂ ಹಸಿವು ಕಡಿಮೆ ಇತ್ತೆಂದು ಸಂಶೋಧನೆಯಿಂದ ತಿಳಿದುಬಂದಿದೆ ಎಂಬ ವರದಿ ಓದಿದೆ. ಜ್ವರಕ್ಕಾದರೆ ಥರ್ಮಾಮೀಟರ್ ಇದೆ. ಹಸಿವು ಅವರವರ ಹೊಟ್ಟೆಗಷ್ಟೇ ಗೊತ್ತು. ಅದನ್ನು ಅಂಕಿಯಲ್ಲಿ ಹೇಳುವುದು ಹೇಗೆ? ನನ್ನ 60 ಮತ್ತು ಇನ್ನೊಬ್ಬರ 60 ಒಂದೇ ಎಂದು ನಂಬಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಂಬಲಾಗದು; ಈ ಕ್ಷೇತ್ರದ ಸಂಶೋಧಕರೂ ನಂಬುವುದಿಲ್ಲ. ಅವರ ಪ್ರಯೋಗಗಳ ರೂಪುರೇಷೆ ಬಹುಮಟ್ಟಿಗೆ ಹುಟ್ಟಿರುವುದೇ ಆ ಅಪನಂಬಿಕೆಯಿಂದ.

ಉಪಕರಣವೆಂದರೆ ಕಾಗದದ ಮೇಲಿನ ಒಂದು ಅಡ್ಡಗೆರೆ, ಅಷ್ಟೇ. ಇದಕ್ಕೆ ವಿಷುಯಲ್ ಅನಲಾಗ್ ಸ್ಕೇಲ್ ಎಂದು ಹೆಸರು. ಸಾಮಾನ್ಯವಾಗಿ 100 ಮಿಲಿಮೀಟರ್ ಉದ್ದವಿರುವ ಈ ಗೆರೆಯ ನಡುವೆ ಯಾವ ಗುರುತೂ ಇರುವುದಿಲ್ಲ. ಎಡತುದಿಯಲ್ಲಿ ‘ಸ್ವಲ್ಪವೂ ಹಸಿವಿಲ್ಲ’ ಎಂದೂ ಬಲತುದಿಯಲ್ಲಿ ‘ಇಷ್ಟು ಹಸಿವು ಎಂದೂ ಆಗಿರಲಿಲ್ಲ’ ಎಂದೂ ಬರೆದಿರುತ್ತದೆ. ಭಾಗವಹಿಸುವವರು ಆ ಕ್ಷಣದ ತಮ್ಮ ಹಸಿವು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪೆನ್ನಿನಿಂದ ಒಂದು ಸಣ್ಣ ಗೀಟು ಎಳೆಯುತ್ತಾರೆ, ಸಂಶೋಧಕರು ಎಡತುದಿಯಿಂದ ಅಲ್ಲಿಯವರೆಗೆ ಸ್ಕೇಲು ಹಿಡಿದು ಅಳೆಯುತ್ತಾರೆ. ವರದಿಗಳಲ್ಲಿ ಕಾಣುವ ‘ಹಸಿವು 60’ ಎಂದರೆ ಅರವತ್ತು ಮಿಲಿಮೀಟರ್. ಗೆರೆಯಿರುವ ಹಾಳೆಯನ್ನು ಜೆರಾಕ್ಸ್ ಮಾಡಿದಾಗ ಗೆರೆ ಒಂದೆರಡು ಮಿಲಿಮೀಟರ್ ಹಿಗ್ಗುವುದುಂಟು. ಆದ್ದರಿಂದ ಜಾಗರೂಕರಾದವರು ಪ್ರತಿಗಳನ್ನೂ ಒಮ್ಮೆ ಅಳೆದು ನೋಡುತ್ತಾರೆ. ಹಿಂದಿನ ಗೀಟು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅದರ ಪಕ್ಕಕ್ಕೇ ಹೋಗುತ್ತದೆ ಎಂಬ ಕಾರಣಕ್ಕೆ ಪ್ರತಿ ಬಾರಿಯೂ ಹೊಸ ಹಾಳೆ ಕೊಡುತ್ತಾರೆ.

ಪ್ರಶ್ನೆ ಒಂದೇ ಇರುವುದಿಲ್ಲ. ಎಷ್ಟು ಹಸಿವಾಗಿದೆ, ಹೊಟ್ಟೆ ಎಷ್ಟು ತುಂಬಿದೆ, ಎಷ್ಟು ತೃಪ್ತಿಯಾಗಿದೆ, ಈಗ ಎಷ್ಟು ತಿನ್ನಬಲ್ಲಿರಿ ಎಂದು ನಾಲ್ಕು ಗೆರೆಗಳನ್ನಾದರೂ ಕೊಡುವುದು ವಾಡಿಕೆ. ಇವು ಒಂದೇ ಮಾತಿನ ನಾಲ್ಕು ರೂಪಗಳೆಂದು ತೋರಬಹುದು, ಆದರೆ ಹಾಗಲ್ಲ. ಎರಡು ಲೋಟ ನೀರು ಕುಡಿದವರಿಗೆ ಹೊಟ್ಟೆ ಭಾರವೆನಿಸುತ್ತದೆ, ಹಸಿವು ಮಾತ್ರ ಪೂರ್ತಿ ಹೋಗಿರುವುದಿಲ್ಲ. ನಾವು ಆಡುಮಾತಿನಲ್ಲಿ ‘ಹೊಟ್ಟೆ ತುಂಬಿತು’ ಎನ್ನುವಾಗ ತುಂಬಿದ ಭಾರವನ್ನೂ ‘ಸಾಕು’ ಎಂಬ ತೃಪ್ತಿಯನ್ನೂ ಒಟ್ಟಿಗೇ ಹೇಳಿಬಿಡುವುದರಿಂದ, ಕನ್ನಡದಲ್ಲಿ ಇಂಥ ಪ್ರಶ್ನಾವಳಿ ಸಿದ್ಧಪಡಿಸುವವರು ಪದ ಆರಿಸುವಾಗ ಬಹಳ ಎಚ್ಚರದಿಂದಿರಬೇಕು ಎಂಬುದು ನನ್ನ ಅನಿಸಿಕೆ.

ಇನ್ನು ನಿಮ್ಮ ಮುಖ್ಯ ಸಂದೇಹ. ಬಲತುದಿಯ ‘ಎಂದೂ ಆಗಿರಲಿಲ್ಲ’ ಎಂಬ ಮಾತಿಗೆ ಎರಡು ದಿನ ಉಪವಾಸವಿದ್ದವರು ಕೊಡುವ ಅರ್ಥವೇ ಬೇರೆ, ಒಂದು ಹೊತ್ತಿನ ಊಟವನ್ನೂ ತಪ್ಪಿಸದವರು ಕೊಡುವ ಅರ್ಥವೇ ಬೇರೆ. ಹೀಗಾಗಿ ಒಬ್ಬರ ಅಂಕಿಯನ್ನು ಇನ್ನೊಬ್ಬರದರ ಜೊತೆ ಹೋಲಿಸದೆ, ಅದೇ ವ್ಯಕ್ತಿಗೆ ಬೇರೆ ಬೇರೆ ದಿನ ಎರಡೂ ಉಪಾಹಾರಗಳನ್ನು ಕೊಟ್ಟು ಅವರನ್ನು ಅವರೊಂದಿಗೇ ಹೋಲಿಸುತ್ತಾರೆ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ರಾತ್ರಿಯಿಡೀ ಏನೂ ತಿನ್ನದೆ ಬಂದವರಿಂದ ಉಪಾಹಾರಕ್ಕೆ ಮುಂಚೆ ಒಮ್ಮೆ, ಆಮೇಲೆ ಮೂರ್ನಾಲ್ಕು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆ ಗೀಟು ಎಳೆಸುತ್ತಾರೆ. 55 ಆರೋಗ್ಯವಂತ ಪುರುಷರ ಮೇಲೆ ನಡೆದು 2000ದಲ್ಲಿ ಪ್ರಕಟವಾದ, ಇಂದಿಗೂ ಹೆಚ್ಚಾಗಿ ಉಲ್ಲೇಖವಾಗುವ ಡೆನ್ಮಾರ್ಕಿನ ಅಧ್ಯಯನವೊಂದು, ಅದೇ ಊಟವನ್ನು ಎರಡು ಬಾರಿ ಕೊಟ್ಟು ಗೀಟುಗಳನ್ನು ತಾಳೆ ನೋಡಿತು. ಒಂದೊಂದೇ ಗೀಟು ದಿನದಿಂದ ದಿನಕ್ಕೆ ಸಾಕಷ್ಟು ಹೊಯ್ದಾಡುತ್ತದೆ. ಇಡೀ ಅವಧಿಯ ಸರಾಸರಿ ಅದಕ್ಕಿಂತ ಸ್ಥಿರವಾಗಿರುತ್ತದೆ. ಆದ್ದರಿಂದ ಒಂದೇ ಗೀಟಿನ ಮೇಲೆ ಒಬ್ಬರ ಬಗ್ಗೆ ತೀರ್ಪು ಕೊಡುವ ವರದಿಯನ್ನು ನೀವು ಅನುಮಾನದಿಂದಲೇ ಓದಿ. ಜೊತೆಗೆ, ಗೀಟು ಎಳೆದಾದ ಮೇಲೆ ಬೇಕಾದಷ್ಟು ತಿನ್ನಲು ಬಿಟ್ಟು, ತಟ್ಟೆಯನ್ನು ಊಟದ ಮುಂಚೆಯೂ ನಂತರವೂ ತೂಗಿದ್ದಾರೆಯೇ ಎಂದು ನೋಡಿ. ಹಸಿವು ಕಡಿಮೆಯೆಂದು ಗುರುತು ಹಾಕಿದವರು ಮುಂದಿನ ಊಟದಲ್ಲಿ ಕಡಿಮೆಯೇ ತಿಂದಾರೆಂಬ ಖಾತ್ರಿಯಿಲ್ಲ.

ಪ್ರಶ್ನೆ: ಇಷ್ಟೆಲ್ಲ ತೊಂದರೆ ಏಕೆ? ರಕ್ತದಲ್ಲಿ ಹಸಿವಿನ ಹಾರ್ಮೋನ್ ಇದೆಯಂತಲ್ಲ, ಅದನ್ನೇ ಅಳೆದರಾಗದೇ?

ಉತ್ತರ: ಹಸಿವನ್ನು ದೇಹದಲ್ಲೇ ಹಿಡಿಯುವ ಆಸೆ ಹಳೆಯದು. 1912ರಲ್ಲಿ ಪ್ರಕಟವಾದ, ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಕ್ಯಾನನ್ ಮತ್ತು ಅವರ ವಿದ್ಯಾರ್ಥಿ ವಾಷ್‌ಬರ್ನ್ ಅವರ ಪ್ರಯೋಗದಲ್ಲಿ ವಾಷ್‌ಬರ್ನ್ ತಾವೇ ಕೊಳವೆ ಕಟ್ಟಿದ ಬಲೂನೊಂದನ್ನು ನುಂಗಿ, ಹೊಟ್ಟೆ ಚುರುಗುಟ್ಟಿದಾಗಲೆಲ್ಲ ಗುಂಡಿ ಒತ್ತುತ್ತಿದ್ದರು. ಜಠರದ ಸಂಕೋಚನಗಳು ಆ ಒತ್ತುಗಳಿಗೆ ಹೊಂದಿಕೆಯಾದವು. ಹಾಗೆಂದು ಜಠರವೇ ಹಸಿವಿನ ಮನೆಯೆಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ಕಳೆದುಕೊಂಡವರಿಗೂ ಹಸಿವಾಗುತ್ತದೆ. ನೀವು ಹೇಳುವ ಹಾರ್ಮೋನ್, ಗ್ರೆಲಿನ್, ಪತ್ತೆಯಾದದ್ದು 1999ರಲ್ಲಿ. ಊಟಕ್ಕೆ ಮುಂಚೆ ಏರಿ ಊಟದ ನಂತರ ಇಳಿಯುವ ಅದು ಉಪಯುಕ್ತ ಸಾಕ್ಷಿಯೇ ಹೌದು, ಆದರೆ ಮನಸ್ಸಿನ ಪ್ರಭಾವದಿಂದ ಮುಕ್ತವಾದ ಸಾಕ್ಷಿಯಲ್ಲ. 2011ರ ಅಮೆರಿಕದ ಪ್ರಯೋಗವೊಂದರಲ್ಲಿ 380 ಕ್ಯಾಲೊರಿಯ ಅದೇ ಮಿಲ್ಕ್‌ಶೇಕನ್ನು ಒಮ್ಮೆ 620 ಕ್ಯಾಲೊರಿಯ ಭೋಗದ ಪಾನೀಯವೆಂದೂ ಮತ್ತೊಮ್ಮೆ 140 ಕ್ಯಾಲೊರಿಯ ಹಿತಮಿತದ ಪಾನೀಯವೆಂದೂ ಚೀಟಿ ಅಂಟಿಸಿ ಕೊಟ್ಟರು. ಭೋಗದ ಚೀಟಿ ನೋಡಿ ಕುಡಿದಾಗ ಗ್ರೆಲಿನ್ ಹೆಚ್ಚು ಕಡಿದಾಗಿ ಇಳಿಯಿತು. ಹಸಿವು ಅನುಭವವಾಗಿರುವಾಗ ಅನುಭವಿಸುವವರನ್ನೇ ಕೇಳುವುದು ದೌರ್ಬಲ್ಯವೆಂದು ನಾನು ಎಣಿಸುವುದಿಲ್ಲ.

ಪ್ರಶ್ನೆ: ಯಾವ ಆಹಾರ ಹೆಚ್ಚು ಹೊತ್ತು ಹೊಟ್ಟೆ ಹಿಡಿದಿಡುತ್ತದೆ ಎಂಬ ಪಟ್ಟಿ ಇದೆಯೇ?

ಉತ್ತರ: ಒಂದು ಪ್ರಸಿದ್ಧ ಪಟ್ಟಿ 1995ರದ್ದು, ಸಿಡ್ನಿ ವಿಶ್ವವಿದ್ಯಾಲಯದ್ದು. 38 ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ಕೊಟ್ಟು, ಎರಡು ಗಂಟೆಗಳ ಕಾಲ ಕಾಲು ಗಂಟೆಗೊಮ್ಮೆ ತೃಪ್ತಿಯನ್ನು ಕೇಳಲಾಯಿತು. ಬಿಳಿ ಬ್ರೆಡ್ಡಿಗೆ 100 ಎಂದಿಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323, ಕ್ರೊಸಾಂ ಎಂಬ ಬೆಣ್ಣೆ ಹಾಕಿದ ಪದರು ಬನ್ನಿಗೆ 47. ಪ್ರತಿ ಆಹಾರವನ್ನು ತಿಂದವರು ಹನ್ನೊಂದರಿಂದ ಹದಿಮೂರು ಮಂದಿ ಮಾತ್ರ, ಮತ್ತು ಅಳತೆ ಎರಡು ಗಂಟೆಗೇ ನಿಂತಿತ್ತು. ಮೂರನೆಯ ಗಂಟೆಯಲ್ಲಿ ಯಾರ ಹೊಟ್ಟೆ ಚುರುಗುಟ್ಟಿತೆಂದು ಆ ಪಟ್ಟಿ ಹೇಳದು.